ಬರುತ್ತೇವೆ ಎಂಬ ಕಾಗದ

ಮನೆಯ ಮೂಲೆಯಲ್ಲಿ ಜೇಡ ಬಲೆ ಕಟ್ಟುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಆ ಬಲೆ ಮನೆಯವರ ಕಣ್ಣಿಗೆ ಬೀಳುವುದು ಅಂಚೆಯವನು ಒಂದು ಕಾರ್ಡು ತಂದುಕೊಟ್ಟ ಮೇಲೆಯೇ ಎಂಬುದು ನನ್ನ ಸ್ವಂತ ಸಂಶೋಧನೆ. ಕಾರ್ಡು ಶಕ್ತಿನಗರದಲ್ಲಿರುವ ನನ್ನ ಭಾವನದು, ಅಂದರೆ ನನ್ನಾಕೆಯ ಅಣ್ಣನದು. 'ಬರುವ ಭಾನುವಾರ ಎಲ್ಲರೂ ಬರುತ್ತೇವೆ' ಎಂಬ ಒಂದೇ ಸಾಲು. ಅದನ್ನು ಓದಿದ ಕ್ಷಣದಿಂದ ಕುದ್ರೋಳಿಯ ನಮ್ಮ ಮನೆಯ ಹಂಚಿನ ಮಾಡನ್ನು ಹೊತ್ತ ಪ್ರತಿಯೊಂದು ಪಕ್ಕಾಸೂ ನನ್ನತ್ತ ಬೆರಳು ತೋರಿಸತೊಡಗುತ್ತದೆ. ಉದ್ದನೆಯ ಕೋಲಿಗೆ ಹಿಡಿಸೂಡಿ ಕಟ್ಟಿ, ತಲೆಗೆ ಮುಂಡಾಸು ಸುತ್ತಿ ನಾನು ಬಲೆ ಗುಡಿಸುವ ದಿಗ್ವಿಜಯಕ್ಕೆ ಹೊರಡುತ್ತೇನೆ. ಭಾನುವಾರ ಭಾವ ಬಂದರೆ ಬಂದ, ಇಲ್ಲವಾದರೆ ಇಲ್ಲ; ಮನೆಯಂತೂ ಮದುಮಗಳ ಹಾಗೆ ಹೊಳೆಯುತ್ತಿರುತ್ತದೆ.

ಈ ಕಾರ್ಡಿನ ಮಹಿಮೆ ನನಗೆ ಪೂರ್ತಿ ಅರ್ಥವಾದದ್ದು ನಗರದ ಪರಿಸರ ಸಲಹಾ ಸಮಿತಿಯ ಸದಸ್ಯನಾದ ಮೇಲೆ. ನನ್ನಂಥ ವಿಮಾ ಕಚೇರಿಯ ಗುಮಾಸ್ತನಿಗೆ ಆ ಪಟ್ಟ ಒದಗಿದ್ದು ಹೇಗೆಂದರೆ, ನಾನು ಹುಟ್ಟಾ ಆತಂಕಜೀವಿ. ದೂರದ ಬೈಕಂಪಾಡಿಯ ಕಾರ್ಖಾನೆಗಳಲ್ಲಿ ಹೊಗೆ ಎದ್ದರೆ ಇಲ್ಲಿ ನನಗೆ ಕೆಮ್ಮು. ರಸ್ತೆ ಬದಿಯ ಮರದ ಕೆಳಗೆ ಇಬ್ಬರು ಮೇಲೆ ನೋಡುತ್ತ ನಿಂತರೆ ಮರ ಕಡಿಯಲು ಅಳತೆ ತೆಗೆಯುತ್ತಿದ್ದಾರೆಂದು ನನಗೆ ಎದೆಬಡಿತ. ಈ ಎಲ್ಲ ಆತಂಕಗಳನ್ನು ನಾನು ಪತ್ರಿಕೆಯ ಓದುಗರ ಅಂಕಣಕ್ಕೆ ಬರೆದು ಕಳಿಸುತ್ತಿದ್ದೆ. ಸಮಿತಿ ರಚಿಸಲು ಹೊರಟವರು ಯಾರೋ, ಇಷ್ಟೊಂದು ಹೆದರುವವನಿಗೆ ವಿಷಯ ಗೊತ್ತಿರಲೇಬೇಕೆಂದು ತಪ್ಪು ತಿಳಿದರು.

ಸಮಿತಿಯ ಹೆಸರು ಅದರ ಅಧಿಕಾರಕ್ಕಿಂತ ಬಹಳ ಉದ್ದವಿತ್ತು. ದಂಡ ಹಾಕುವಂತಿಲ್ಲ, ಕೆಲಸ ಮಾಡಿಸುವಂತಿಲ್ಲ, ಕೊನೆಗೆ ಯಾರನ್ನಾದರೂ ಗದರುವಂತೆಯೂ ಇಲ್ಲ. ಸಲಹೆ ಕೊಡಬಹುದು, ಅದನ್ನು ಯಾರೂ ಕೇಳದಿದ್ದರೆ, ಹಿಂದಿನ ಸಲಹೆಯನ್ನು ಗಮನಿಸತಕ್ಕದ್ದೆಂದು ಇನ್ನೊಂದು ಸಲಹೆ ಕೊಡಬಹುದು. ನಿವೃತ್ತ ಪ್ರಾಂಶುಪಾಲರೊಬ್ಬರು ಅಧ್ಯಕ್ಷರು. ನಾನು ತೋಡು ಮತ್ತು ಬಾವಿಗಳ ಉಪಸಮಿತಿಯ ಸಂಚಾಲಕ. ಆ ಉಪಸಮಿತಿಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲವಾದ್ದರಿಂದ ನಮ್ಮ ನಿರ್ಣಯಗಳೆಲ್ಲ ಸರ್ವಾನುಮತದವು.

ನನ್ನ ಮುಂದೆ ಬಂದ ಮೊದಲ ದೂರು ನಮ್ಮದೇ ಓಣಿಯ ಗಿರಿಜಕ್ಕನದು. ಕೇದಗೆ ಎಲೆಯ ಕೊಟ್ಟೆಯಲ್ಲಿ ಹಿಟ್ಟು ಹೊಯ್ದು ಮೂಡೆ ಬೇಯಿಸಿ ಮನೆಮನೆಗೆ ಕೊಟ್ಟು ಬದುಕುವ ಹೆಂಗಸು. ಅವಳ ಹಿತ್ತಿಲಿನ ಬಾವಿಗೂ ಓಣಿಯ ಮಳೆನೀರು ಹರಿದುಹೋಗುವ ತೋಡಿಗೂ ನಡುವೆ ಒಂದು ಬಾಳೆಗಿಡದಷ್ಟೇ ಅಂತರ. ತೋಡಿನ ಮೇಲ್ಗಡೆ ಶೆಟ್ಟರ ಹೋಟೆಲು. ಅಲ್ಲಿಯ ಗಂಜಿತಿಳಿ, ಎಂಜಲೆಲೆ, ತೆಂಗಿನ ಚರಟ ಎಲ್ಲವೂ ತೋಡಿಗೆ ಬಿದ್ದು ಗಿರಿಜಕ್ಕನ ಹಿತ್ತಿಲಿನ ಬಳಿ ಬಂದು ಕಟ್ಟಿ ನಿಲ್ಲುತ್ತಿದ್ದವು. ಬಾವಿಯ ನೀರು ಆಗಲೇ ವಾಸನೆ ಹಿಡಿದಿತ್ತು. ಮಳೆ ಶುರುವಾಗಿ ತೋಡು ಉಕ್ಕಿದರೆ ಬಾವಿಯೂ ಹೋಯಿತು, ಮೂಡೆಯೂ ಹೋಯಿತು.

ನಿಯಮದ ಪ್ರಕಾರ ಸ್ಥಳ ತನಿಖೆಗೆ ಒಂದು ವಾರ ಮುಂಚೆ ಸಂಬಂಧಪಟ್ಟವರಿಗೆ ನೋಟೀಸು ಕೊಡಬೇಕು. ಕೊಟ್ಟೆವು. ನಿಗದಿಯಾದ ದಿನ ಇಡೀ ಸಮಿತಿ ಜೀಪಿನಿಂದ ಇಳಿದು ನೋಡಿದರೆ, ತೋಡು ಎಣ್ಣೆ ಹಚ್ಚಿ ಮಿಂದ ಮಗುವಿನ ಹಾಗೆ ನಗುತ್ತಿತ್ತು. ಎರಡೂ ದಡಗಳಿಗೆ ಬ್ಲೀಚಿಂಗ್ ಪೌಡರಿನ ರಂಗೋಲಿ. ಶೆಟ್ಟರು ಕೈಮುಗಿದು ನಮ್ಮನ್ನು ಒಳಗೆ ಕರೆದೊಯ್ದು ಬಿಸಿಬಿಸಿ ಗೋಳಿಬಜೆ ತಿನ್ನಿಸಿದರು. ಎರಡನೆಯ ತಟ್ಟೆ ಮುಗಿಯುವಷ್ಟರಲ್ಲಿ 'ದೂರು ನಿರಾಧಾರ' ಎಂಬ ವರದಿ ಸಿದ್ಧವಾಗಿತ್ತು. ಬಾಯಿ ತುಂಬಿದ್ದ ನಾನು ಭಿನ್ನಮತ ಸೂಚಿಸುವ ಸ್ಥಿತಿಯಲ್ಲಿರಲಿಲ್ಲ.

ಮೂರೇ ದಿನದಲ್ಲಿ ತೋಡು ಹಳೆಯ ರೂಪಕ್ಕೆ ಮರಳಿತು. ನಾಲ್ಕನೆಯ ದಿನ ಗಿರಿಜಕ್ಕ ಒಂದು ಲೋಟ ನೀರು ತಂದು ನಮ್ಮ ಜಗಲಿಯ ಮೇಲೆ ಕುಕ್ಕಿದಳು.

"ಎಂತ ರಾಯರೇ, ನಿಮ್ಮ ಸಮಿತಿಯವರಿಗೆ ಮೂಗು ಉಂಟಾ ಇಲ್ವಾ? ಇಡೀ ಓಣಿಯಲ್ಲಿ ಈಗ ನಾನು ಸುಳ್ಳಿ! ಬಾವಿ ಸರಿ ಉಂಟು ಅಂತ ಬರೆದಿದ್ದೀರಲ್ಲ, ಇದನ್ನೊಮ್ಮೆ ಕುಡಿಯಿರಿ ನೋಡುವ."

ನಾನು ಕುಡಿಯಲಿಲ್ಲ. ಅವಳು ಲೋಟವನ್ನು ಅಲ್ಲೇ ಬಿಟ್ಟು ಹೋದಳು. ಅದನ್ನು ಚೆಲ್ಲುವುದಕ್ಕೂ ನನಗೆ ಧೈರ್ಯ ಸಾಲದೆ, ಸಂಜೆಯವರೆಗೂ ಅದು ನನ್ನನ್ನೂ ನಾನು ಅದನ್ನೂ ನೋಡುತ್ತ ಕುಳಿತೆವು.

ಪ್ರಾಯಶ್ಚಿತ್ತಕ್ಕೆಂದು ಇನ್ನೊಂದು ತನಿಖೆಯ ನೋಟೀಸು ಕಳಿಸಿದೆ. ಈ ಸಲ ಜೀಪು ಕೆಟ್ಟಿತು, ಅಧ್ಯಕ್ಷರಿಗೆ ಸೊಂಟನೋವು, ಯಾರೂ ಹೋಗಲಿಲ್ಲ. ಮನಸ್ಸು ತಡೆಯದೆ ನಾನೊಬ್ಬನೇ ಸಂಜೆ ಕೊಡೆ ಅಡ್ಡ ಹಿಡಿದುಕೊಂಡು ಕಳ್ಳನ ಹಾಗೆ ತೋಡಿನ ಬಳಿ ಹೋಗಿ ಇಣುಕಿದೆ. ಮತ್ತೆ ಅದೇ ನಗು, ಅದೇ ರಂಗೋಲಿ! ಓದುಗರೇ, ಮರದ ಕೆಳಗೆ ಕುಳಿತವರಿಗೆ ಜ್ಞಾನೋದಯವಾದ ಕಥೆಗಳನ್ನು ನೀವು ಕೇಳಿರಬಹುದು. ನನಗೆ ಆದದ್ದು ಚರಂಡಿಯ ದಡದಲ್ಲಿ. ತೋಡನ್ನು ಸ್ವಚ್ಛ ಮಾಡುತ್ತಿದ್ದುದು ನಮ್ಮ ಭೇಟಿಯಲ್ಲ, ನಮ್ಮ ಕಾಗದ. ನಾವು ಹೋದರೆ ಆಗುತ್ತಿದ್ದ ಹೆಚ್ಚಿನ ಕಾರ್ಯವೆಂದರೆ ಗೋಳಿಬಜೆ ಖಾಲಿಯಾಗುವುದೊಂದೇ.

ಮರುದಿನವೇ ಸಮಿತಿಯ ಟೈಪಿಸ್ಟ್ ಲಿಲ್ಲಿಬಾಯಿಯವರ ಮುಂದೆ ತೊದಲುತ್ತ ನಿಂತೆ. ವಾರಕ್ಕೊಂದು ನೋಟೀಸು ಬೇಕು, ಹೋಗುವ ಬಗ್ಗೆ ಮಾತ್ರ ಖಚಿತವಿಲ್ಲ ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಡ್ರಾಫ್ಟ್ ಕೊಡಿ ಸರ್, ಹೊಡಿತೇನೆ. ಹೋಗ್ತೀರಾ ಇಲ್ವಾ ಅಂತ ಟೈಪ್‌ರೈಟರ್ ಕೇಳುವುದಿಲ್ಲ" ಎಂದರು. ಭೇಟಿಗೆ ಮೊದಲು ನೋಟೀಸು ಇರಬೇಕೆಂದು ನಿಯಮ ಹೇಳುತ್ತದೆ; ನೋಟೀಸಿನ ನಂತರ ಭೇಟಿ ಇರಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ನಾನು ನಾಲ್ಕು ಸಲ ಓದಿ ನೋಡಿದ್ದೇನೆ. ಹೀಗೆ ವಾರ ವಾರವೂ ನಾವು ಬರುತ್ತೇವೆಂದೆವು, ವಾರ ವಾರವೂ ಬರಲಿಲ್ಲ. ಗಿರಿಜಕ್ಕನ ಬಾವಿ ಮೆಲ್ಲಗೆ ತಿಳಿಯಾಗತೊಡಗಿತು.

ಸುಖವಾಗಿ ನಡೆಯುತ್ತಿರುವ ಕೆಲಸಕ್ಕೆ ಸುಧಾರಣೆಯಂಥ ಶತ್ರು ಬೇರೊಂದಿಲ್ಲ. ಮೇ ತಿಂಗಳ ಸಭೆಯಲ್ಲಿ ಸೊಂಟ ನೆಟ್ಟಗಾದ ಅಧ್ಯಕ್ಷರು ಮೇಜು ಗುದ್ದಿ, "ಇನ್ನು ನೋಟೀಸು ಗೀಟೀಸು ಬೇಡ. ಹಠಾತ್ ತಪಾಸಣೆ! ಕಳ್ಳನನ್ನು ಹಿಡಿಯಲಿಕ್ಕೆ ಗಂಟೆ ಬಾರಿಸಿಕೊಂಡು ಹೋಗುವವರು ಉಂಟಾ?" ಎಂದರು. ನೋಟೀಸಿಲ್ಲದೆ ಹೋದರೆ ಕೊಳಕು ಸಿಕ್ಕೀತು, ನಿಜ. ಕೊಳಕು ಕಂಡು ನಾವು ಮಾಡುವುದೇನು? ಸಲಹೆ ಕೊಡುವುದು. ಆ ಸಲಹೆ ಫೈಲಿನಲ್ಲಿ ಮಲಗಿರುವಾಗಲೇ ಮಳೆ ಬಂದು ಗಿರಿಜಕ್ಕನ ಬಾವಿ ಮುಳುಗಿರುತ್ತದೆ. ಇದನ್ನು ಹೇಳಿದರೆ ನನ್ನ ಗುಟ್ಟು ರಟ್ಟು. ಜನ್ಮದಲ್ಲಿ ಸಭೆಯಲ್ಲಿ ಎದ್ದು ನಿಲ್ಲದವನು ಎದ್ದು ನಿಂತೆ. ಹೇಳದೆ ಕೇಳದೆ ಒಬ್ಬರ ಹಿತ್ತಿಲಿಗೆ ನುಗ್ಗುವುದು ನಮ್ಮ ಊರಿನ ಮರ್ಯಾದೆಯೇ ಎಂದು ಕೇಳಿದೆ. ಸಂಸ್ಕೃತಿ, ಸೌಜನ್ಯ, ಸಹಬಾಳ್ವೆ ಎಂದು ನಾಲಿಗೆಗೆ ಬಂದ ಸಕಾರಗಳನ್ನೆಲ್ಲ ಸುರಿದೆ. ಯಾರ ಮುಖದಲ್ಲೂ ಕದಲಿಕೆ ಇಲ್ಲ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಸದಸ್ಯರು, "ಅದೂ ಹೌದು ಮಾರಾಯ್ರೇ, ಹೇಳದೆ ಹೋದರೆ ಗೋಳಿಬಜೆ ಕೂಡ ಸಿಗ್ಲಿಕ್ಕಿಲ್ಲ" ಎಂದರು. ಹಠಾತ್ ತಪಾಸಣೆ ಬಹುಮತದಿಂದ ಬಿದ್ದುಹೋಯಿತು.

ಅದೇ ವಾರ ಶೆಟ್ಟರು ನಮ್ಮ ಮನೆಗೆ ಬಂದರು, ಕಂಕುಳಲ್ಲಿ ನೋಟೀಸುಗಳ ಕಟ್ಟು. ನಾನು ಜೈಲಿನ ಊಟದ ರುಚಿಯನ್ನು ಊಹಿಸಿಕೊಳ್ಳುತ್ತ ಕುರ್ಚಿ ಸರಿಸಿಕೊಟ್ಟೆ.

"ಎಂತದು ರಾಯರೇ ಇದು? ಬರ್ತೇವೆ ಬರ್ತೇವೆ ಅಂತೀರಿ, ಬರುವುದಿಲ್ಲ. ಪ್ರತೀ ಸಲ ಹಿಟ್ಟು ಕಲಸಿ ಇಟ್ಟು ದಾರಿ ಕಾಯುವುದು ನಾನು!"

ನಾನು ಸಮಿತಿಯ ಘನ ಅಧಿಕಾರದ ಬಗ್ಗೆ ಏನೋ ಗೊಣಗಿದೆ. ಅವರು ನಕ್ಕುಬಿಟ್ಟರು.

"ನಿಮಗೆ ಎಂತ ಪವರೂ ಇಲ್ಲ ಅಂತ ನನಗೆ ಸುರುವಿಗೇ ಗೊತ್ತುಂಟು. ಆದರೆ ಬರ್ತೇವೆ ಅಂತ ಬರೆದವರ ಎದುರು ಗಲೀಜು ಇಡ್ಲಿಕ್ಕಾಗ್ತದಾ? ನಾಚಿಕೆ ಆಗುವುದಿಲ್ವಾ? ವಾರ ವಾರ ತೋಡು ಕೆರೆದು ಸಾಕಾಯ್ತು ಮಾರಾಯ್ರೇ. ಹೋಟೆಲಿನ ಹಿಂದೆ ದೊಡ್ಡ ಗುಂಡಿ ತೆಗೆಸಿದ್ದೇನೆ, ಇನ್ನು ಎಲ್ಲ ಅದಕ್ಕೇ. ಒಮ್ಮೆ ನಿಜವಾಗಿ ಬಂದು ನೋಡಿ ಹೋಗಿ."

ಇಷ್ಟು ದಿನ ಒಬ್ಬ ಮನುಷ್ಯನನ್ನು ಹೆದರಿಸಿ ಆಳುತ್ತಿದ್ದೇನೆಂದು ಒಳಗೊಳಗೇ ಬೀಗಿದ್ದ ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವರು ಹೆದರಿರಲಿಲ್ಲ, ಮನೆಗೆ ನೆಂಟರು ಬರುತ್ತಾರೆಂದು ಗುಡಿಸಿದ್ದರು, ಅಷ್ಟೆ. ನಾವು ಹೋದೆವು, ಗುಂಡಿ ನೋಡಿದೆವು, ಬಾಕಿ ಉಳಿದಿದ್ದ ಗೋಳಿಬಜೆಯನ್ನೆಲ್ಲ ತಿಂದೆವು. ಜೂನಿನಲ್ಲಿ ಮಳೆ ಹಿಡಿದು ತೋಡು ತುಂಬಿ ಹರಿಯಿತು, ಎಲ್ಲಿಯೂ ಕಟ್ಟಿ ನಿಲ್ಲದೆ. ಗಿರಿಜಕ್ಕ ಬಿಸಿ ಮೂಡೆಯ ಜೊತೆಗೆ ಒಂದು ಲೋಟ ನೀರನ್ನೂ ತಂದು ಜಗಲಿಯ ಮೇಲಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಕಣ್ಣು ಮುಚ್ಚಿ ಕುಡಿದೆ. ಸಿಹಿಯಾಗಿತ್ತು. ಆದರೂ ಎರಡು ದಿನ ಹೊಟ್ಟೆಯ ಕಡೆಗೊಂದು ಗಮನವಿಟ್ಟೇ ಇದ್ದೆನೆನ್ನಿ.

ಸಮಿತಿಯ ಅವಧಿ ಮುಗಿದು ನಾಲ್ಕು ವರ್ಷವಾಯಿತು. ನಿನ್ನೆ ಭಾವನ ಕಾರ್ಡು ಬಂತು. ನೋಟೀಸುಗಳನ್ನು ಬರೆದವನಿಗೆ ಕಾಗದವನ್ನು ಹಿಂದುಮುಂದು ನೋಡುವ ಚಟ ಉಳಿದಿರುತ್ತದೆ, ತಿರುಗಿಸಿ ನೋಡಿದೆ. ಅಕ್ಷರ ಭಾವನದೇ. ಮೊಹರು ಮಾತ್ರ ಶಕ್ತಿನಗರದ್ದಲ್ಲ, ನಮ್ಮ ಓಣಿಯ ತುದಿಯ ಅಂಚೆ ಕಚೇರಿಯದು. ತಲೆಯೆತ್ತಿದರೆ ನನ್ನಾಕೆ ಅಕ್ಕಿ ಆರಿಸುತ್ತ ಕುಳಿತಿದ್ದಳು. ಅವಳ ಹೊಲಿಗೆ ಪೆಟ್ಟಿಗೆಯಲ್ಲಿ ಇಂಥ ಕಾರ್ಡುಗಳು ಇನ್ನೆಷ್ಟಿವೆಯೋ, ಅಣ್ಣ ಒಂದೇ ಸಲಕ್ಕೆ ಎಷ್ಟು ಬರೆದುಕೊಟ್ಟಿದ್ದಾನೋ! ನಾನು ಚರಂಡಿಯ ದಡದಲ್ಲಿ ಕಂಡದ್ದನ್ನು ಅವಳು ಮದುವೆಯಾದ ಹೊಸತರಲ್ಲೇ, ಸಮಿತಿಯಿಲ್ಲದೆ, ಟೈಪಿಸ್ಟಿಲ್ಲದೆ ಕಂಡುಕೊಂಡಿದ್ದಳು.

"ಭಾವ ಈ ಸಲವೂ ಬರುವುದು ಸಂಶಯವೇ" ಎಂದೆ, ಮೇಲೆ ಹಂಚಿನ ಮಾಡನ್ನೇ ನೋಡುತ್ತ.

"ಬರುವುದಿಲ್ಲ ಅಂತ ಹೇಳ್ಲಿಕ್ಕೆ ಬರ್ತದಾ?" ಎಂದಳು ಅವಳು, ಅಕ್ಕಿಯಿಂದ ಕಣ್ಣೆತ್ತದೆ.

ಬರುವುದಿಲ್ಲವೆಂಬುದು ನನಗೆ ಖಚಿತ. ಮೊಹರಿನ ಸಾಕ್ಷಿ ಕೈಯಲ್ಲೇ ಇದೆ. ಆದರೂ ಮೂಲೆಯ ಪಕ್ಕಾಸಿನಿಂದ ಜೇಡವೊಂದು ನನ್ನನ್ನೇ ನೋಡುತ್ತಿತ್ತು. ಅಕಸ್ಮಾತ್ ಬಂದೇಬಿಟ್ಟರೆ? ಮುಂಡಾಸು ಸುತ್ತಿ, ಹಿಡಿಸೂಡಿಗೆ ಕೋಲು ಹುಡುಕತೊಡಗಿದೆ.