ಕಾಣುತ್ತೆ ಭಾವ

ನಮ್ಮ ಭಾವನಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಅದು ಅಂಗಡಿಯ ಬೋರ್ಡಿನ ಮೇಲೆ ಮಾತ್ರ ಉಳಿದುಕೊಂಡಿತು. ಮನೆಯಲ್ಲಿ, ಬೀದಿಯಲ್ಲಿ, ಬೆನ್ನ ಹಿಂದೆ ಅವರು ‘ಕಾಣುತ್ತೆ ಭಾವ’. ಯಾವ ಮಾತನ್ನೂ ಅವರು ಒಂಟಿಯಾಗಿ ಹೊರಗೆ ಕಳಿಸಿದವರಲ್ಲ. ಕಾವಲಿಗೆ ಒಂದು ‘ಅಂತ ಕಾಣುತ್ತೆ’ ಜೊತೆ ಮಾಡಿಯೇ ಕಳಿಸುತ್ತಿದ್ದರು. ಊಟ ಆಯ್ತಾ ಭಾವ ಎಂದರೆ ‘ಆಯ್ತು ಅಂತ ಕಾಣುತ್ತೆ.’ ಮಗಳು ಎಷ್ಟನೇ ಕ್ಲಾಸು ಎಂದರೆ ‘ಐದು ಅಂತ ಕಾಣುತ್ತೆ.’ ಫೋನಿನಲ್ಲಿ ಯಾರೋ ‘ಯಾರು ಮಾತಾಡೋದು?’ ಎಂದಾಗ ‘ನಾನೇ ಅಂತ ಕಾಣುತ್ತೆ’ ಎಂದರು ಎಂಬುದು ಮಾತ್ರ ನಾನು ಕಟ್ಟಿದ ಕಥೆ. ಅದನ್ನು ಅವರಿಗೇ ಹೇಳಿದಾಗ ಒಂದು ಕ್ಷಣ ಯೋಚಿಸಿ, ‘ಅಂದಿರ್ತೀನಿ ಅಂತ ಕಾಣುತ್ತೆ’ ಎಂದು ಒಪ್ಪಿಕೊಂಡರು.

ಇಂಥವರಿಗೆ ಕನ್ನಡಕದ ಅಂಗಡಿ. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಆ ದುಂಡನೆಯ ಪರೀಕ್ಷೆಯ ಚೌಕಟ್ಟು ಹೊರಿಸಿ, ಒಂದು ಗಾಜು ತೆಗೆದು ಇನ್ನೊಂದು ತೂರಿಸಿ, ಎದುರಿನ ಅಕ್ಷರಗಳ ದೀಪದ ಹಲಗೆ ತೋರಿಸಿ, ‘ಮೊದಲನೇದು ಚೆನ್ನಾಗಿ ಕಾಣುತ್ತಾ, ಎರಡನೇದಾ?’ ಎಂದು ಕೇಳುವ ಕೆಲಸ. ಗಿರಾಕಿ ‘ಎರಡನೇದು’ ಎಂದರೆ ಭಾವ ‘ಖಂಡಿತಾನಾ?’ ಎನ್ನುತ್ತಿದ್ದರು. ಅಷ್ಟು ಕೇಳಿದ ಮೇಲೆ ಯಾರಿಗೆ ತಾನೇ ಖಂಡಿತ ಉಳಿದೀತು? ಮಸುಕು ಕಣ್ಣು ಹೊತ್ತು ಬಂದವರು ಮಸುಕು ಮನಸ್ಸನ್ನೂ ಹೊತ್ತು ಹೋಗುತ್ತಿದ್ದರು. ಸಂಜೆ ಶಟರ್ ಎಳೆದು, ಬೀಗ ಹಾಕಿ, ಜಗ್ಗಿ, ಬೀದಿಯ ತುದಿಯವರೆಗೆ ಹೋಗಿ, ವಾಪಸು ಬಂದು ಮತ್ತೆ ಜಗ್ಗುವರು. ಆ ಬೀಗಕ್ಕೆ ಬಾಯಿದ್ದಿದ್ದರೆ ಪೊಲೀಸರಿಗೆ ದೂರು ಕೊಡುತ್ತಿತ್ತು.

ಈ ರೋಗಕ್ಕೆ ಮನೆಯಲ್ಲೇ ಮದ್ದಿತ್ತು: ನನ್ನಕ್ಕ.

‘ಇವಳೇ, ಗ್ಯಾಸ್ ಆರಿಸಿದ್ದೀನಾ?’

‘ಆರಿಸಿದ್ದೀರಿ.’

‘ಮುಂದಿನ ಬಾಗಿಲು?’

‘ಹಾಕಿದ್ದೀರಿ.’

‘ಇವತ್ತು ಆ ಗಿರಾಕಿ ಹತ್ರ ಒರಟಾಗಿ ಮಾತಾಡಿಬಿಟ್ನಾ ಅಂತ...’

‘ನಿಮಗೆ ಒರಟಾಗಿ ಮಾತಾಡೋಕೆ ಬಂದಿದ್ರೆ ನಾನು ಇಷ್ಟೊತ್ತಿಗೆ ಬಂಗಲೇಲಿ ಇರ್ತಿದ್ದೆ. ಸುಮ್ನೆ ಊಟ ಮಾಡಿ.’

ಅಕ್ಕ ತಾನಾಗಿ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ, ಅದೂ ಮದುವೆಯಾದ ಹೊಸದರಲ್ಲಿ. ತವರಿಗೆ ಬಂದವಳು ಅಡುಗೆಮನೆಯ ಕಟ್ಟೆ ಏರಿ ಕೂತು, ಕಾಫಿ ಲೋಟ ಹಿಡಿದು, ನಮಗೆಲ್ಲ ವರದಿ ಒಪ್ಪಿಸಿದಳು: ‘ನನ್ನ ಕಂಡ್ರೆ ನಿಮಗೆ ಇಷ್ಟಾನಾ ಅಂತ ಕೇಳ್ದೆ. ಏನಂದ್ರು ಹೇಳಿ ನೋಡೋಣ?’

ನಾವೆಲ್ಲ ಒಟ್ಟಿಗೆ ಕೂಗಿದೆವು: ‘ಇಷ್ಟ ಅಂತ ಕಾಣುತ್ತೆ!’

ನಕ್ಕೂ ನಕ್ಕೂ ಅಮ್ಮನಿಗೆ ಬಿಕ್ಕಳಿಕೆ ಹತ್ತಿತು. ಅಕ್ಕನೂ ನಕ್ಕಳು. ನಗು ನಿಂತ ಮೇಲೂ ಖಾಲಿ ಲೋಟದ ಅಂಚನ್ನು ಬೆರಳಿನಿಂದ ಸವರುತ್ತಲೇ ಇದ್ದಳು. ‘ಇನ್ಯಾವಾಗಾದ್ರೂ ನೆಟ್ಟಗೆ ಹೇಳ್ತಾರೆ ಬಿಡು, ಅವಸರ ಏನಿದೆ’ ಎಂದಳು. ಆ ನೆಟ್ಟಗಿನ ಮಾತಿಗೆ ಅವಳು ಕಾದದ್ದು ಒಂದು ಸಂಸಾರವಿಡೀ.

ಇನ್ನು ತತ್ವಶಾಸ್ತ್ರ. ಅದು ಭಾವನ ತಲೆ ನೆರೆತ ಮೇಲೆ ಅಂಗಡಿಗೆ ತಾನಾಗಿಯೇ ಬಂತು, ಕಾಲು ಮುರಿದ ಕನ್ನಡಕ ಕೈಯಲ್ಲಿ ಹಿಡಿದುಕೊಂಡು. ಕಾಲೇಜಿನಲ್ಲಿ ತರ್ಕ ಕಲಿಸಿ ನಿವೃತ್ತರಾದ ಮೇಷ್ಟ್ರು. ಭಾವ ಗಾಜು ಬದಲಿಸಿ ರೂಢಿಯಂತೆ ‘ಖಂಡಿತಾನಾ?’ ಎಂದರು. ಎಲ್ಲರಂತೆ ತಡವರಿಸುವ ಬದಲು ಮೇಷ್ಟ್ರು ಚೌಕಟ್ಟಿನೊಳಗಿಂದಲೇ ಪಾಠ ಶುರು ಮಾಡಿದರು.

‘ನೋಡಿ ಕನ್ನಡಕದವರೇ, ಅಲ್ಲಿರೋ ಅಕ್ಷರ ಯಾವುದು ಅಂತ ಕೇಳಿದ್ರೆ ನಾನು ತಪ್ಪು ಹೇಳಬಹುದು. ಅದು ನನಗೆ ಹೇಗೆ ಕಾಣ್ತಿದೆ ಅಂತ ಕೇಳಿದ್ರೆ ತಪ್ಪೋಕೆ ದಾರಿನೇ ಇಲ್ಲ. ಮಸುಕಾಗಿ ಕಾಣ್ತಿದೆ ಅಂದ್ರೆ ಮಸುಕಾಗೇ ಕಾಣ್ತಿದೆ. ಬ್ರಹ್ಮ ಬಂದ್ರೂ ಅಲ್ಲ ಅನ್ನೋ ಹಾಗಿಲ್ಲ.’

ಗಾಜು ಹಿಡಿದ ಭಾವನ ಕೈ ಗಾಳಿಯಲ್ಲೇ ನಿಂತಿತಂತೆ. ಹುಟ್ಟಿದಾಗಿನಿಂದ ಯಾವ ಪದದ ಹಿಂದೆ ಅಡಗಿ ಬದುಕಿದ್ದರೋ, ಅದೇ ಪದ ಜಗತ್ತಿನಲ್ಲಿ ಅತ್ಯಂತ ಗಟ್ಟಿಯಾದದ್ದು ಎಂದು ಯಾರೋ ಹೇಳುತ್ತಿದ್ದಾರೆ! ಅಂದಿನಿಂದ ಅಂಗಡಿ ಮುಚ್ಚಿದ ಮೇಲೆ ಮೇಷ್ಟ್ರ ಮನೆಗೆ ಹೋಗಿ ಕೂರುವುದು, ದಪ್ಪ ಪುಸ್ತಕ ಹೊತ್ತು ತರುವುದು ಶುರುವಾಯಿತು.

‘ಅನುಮಾನಕ್ಕೆ ತತ್ವಶಾಸ್ತ್ರ ಅಂದ್ರೆ ಕೆಮ್ಮಿಗೆ ಬೀಡಿ ಸೇದಿದ ಹಾಗೆ’ ಎಂದೆ ನಾನು. ಮೊದಮೊದಲು ನನ್ನ ಮಾತೇ ನಿಜವಾಯಿತು. ಬಾಗಿಲು ಹಾಕಿದ್ದೀನಾ ಎಂದು ಅನುಮಾನಿಸುತ್ತಿದ್ದವರು ಈಗ ಬಾಗಿಲು ಇದೆಯಾ ಎಂದು ಅನುಮಾನಿಸತೊಡಗಿದರು. ಅಕ್ಕ ಮಾತ್ರ, ‘ಹೋಗ್ಲಿ ಬಿಡೋ, ಬಾಗಿಲೇ ಇಲ್ಲ ಅಂದ್ಮೇಲೆ ಮೂರು ಸಲ ಎದ್ದು ನೋಡೋದಾದ್ರೂ ತಪ್ಪಿತಲ್ಲ’ ಎಂದಳು.

ಅಷ್ಟರಲ್ಲಿ ಅಕ್ಕನ ಉತ್ತರಗಳೇ ಕೆಡತೊಡಗಿದವು.

‘ಇವಳೇ, ಗ್ಯಾಸ್ ಆರಿಸಿದ್ದೀನಾ?’ ‘ಆರಿಸಿದ್ದೀರಿ’ ಎಂದಳು. ಹಾಲು ಸೀದು ಪಾತ್ರೆ ಕಪ್ಪಾಯಿತು. ಹಣ್ಣು ತರಲು ಹೋದವಳು ಪಕ್ಕದ ಬೀದಿಯಲ್ಲಿ ಯಾರದೋ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನನ್ನು ಕಂಡು ‘ಅಮ್ಮ ಬರಲಿಲ್ವಾ?’ ಎಂದಳು. ಅಮ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ನನಗೋ ಎಲ್ಲದರಲ್ಲೂ ಖಂಡಿತ. ಅದಕ್ಕೇ ಬದುಕಿನಲ್ಲಿ ಒಂದೂ ಸರಿಯಾಗಿಲ್ಲ. ‘ಬರೀ ಸುಸ್ತು ಭಾವ, ಖಂಡಿತ’ ಎಂದೆ. ಡಾಕ್ಟರು ತಲೆಯ ಚಿತ್ರವನ್ನು ಬೆಳಕಿಗೆ ಹಿಡಿದು ಬೇರೆಯದನ್ನೇ ಹೇಳಿದರು. ನೆನಪು ಹೋಗುತ್ತಾ ಹೋಗುತ್ತದೆ. ಹೋದದ್ದು ಮರಳುವುದಿಲ್ಲ. ಅವರ ಮಾತಿನ ಕೊನೆಯಲ್ಲಿ ‘ಕಾಣುತ್ತೆ’ ಇರಲಿಲ್ಲ.

ಮಗಳು ಬಂದಳು. ಬೇರೆ ಊರಲ್ಲಿ ಕೆಲಸ, ಎರಡು ಮಕ್ಕಳು, ಕಣ್ಣ ಕೆಳಗೆ ಕಪ್ಪು. ಊಟದ ಮೇಜಿನ ಮೇಲೆ ಕೈಯೂರಿ ಹೇಳಿದಳು:

‘ಅಪ್ಪ, ಅಲ್ಲಿ ಆರೈಕೆ ಕೇಂದ್ರದಲ್ಲಿ ಒಂದು ಕೋಣೆ ಖಾಲಿ ಇದೆಯಂತೆ. ಅಮ್ಮನ್ನ ಕರ್ಕೊಂಡು ಹೋಗ್ತೀನಿ. ಬೀಗ ಹಾಕಿದ್ದೀನೋ ಇಲ್ವೋ ಗೊತ್ತಿಲ್ಲ ಅನ್ನೋನು ನೀನು. ಅವಳನ್ನ ಹೇಗೆ ನೋಡ್ಕೊಳ್ತೀಯ?’

ಭಾವ ಮೇಜಿನ ಮೇಲಿದ್ದ ಅಕ್ಕನ ಕನ್ನಡಕ ಎತ್ತಿ ಒರೆಸತೊಡಗಿದರು.

‘ಮಾಮ, ನೀನಾದ್ರೂ ಹೇಳೋ.’

ನಾನು ಫ್ಯಾನ್ ನೋಡುತ್ತಿದ್ದೆ. ಕಷ್ಟಕಾಲದಲ್ಲಿ ನಾನು ಯಾವಾಗಲೂ ಫ್ಯಾನ್ ನೋಡುವವನು.

‘ಆಯ್ತು’ ಎಂದಳು ಅವಳು. ‘ಒಂದೇ ಒಂದು ಸಲ ‘ಕಾಣುತ್ತೆ’ ಇಲ್ಲದೆ ಹೇಳು. ನೋಡ್ಕೊಳ್ತೀಯಾ?’

‘ನೋಡ್ಕೊಳ್ತೀನಿ’ ಎಂದರು ಭಾವ.

‘ಅಂತ ಕಾಣುತ್ತೆ’ ಎಂಬ ಬಾಲಕ್ಕಾಗಿ ಕಾದೆವು. ಬರಲಿಲ್ಲ. ರೈಲು ಹೋದ ಮೇಲೂ ಹಳಿ ದಾಟಲು ಹೆದರುವವರಂತೆ ನಾವಿಬ್ಬರೂ ನಿಂತೇ ಇದ್ದೆವು.

‘ನಾನು ಇಷ್ಟು ವರ್ಷ ಎಲ್ಲಾನೂ ಒಂದೇ ಪೆಟ್ಟಿಗೇಲಿ ಇಟ್ಟುಬಿಟ್ಟಿದ್ದೆ ಮಗಳೇ’ ಎಂದರು. ‘ಗ್ಯಾಸು, ಬೀಗ, ಇವಳು. ಗ್ಯಾಸು ಎದ್ದು ಹೋಗಿ ನೋಡಬೇಕಾದ್ದು. ನಾನು ತಪ್ಪಿರಬಹುದು, ಅದಕ್ಕೇ ಹತ್ತು ಸಲ ನೋಡ್ತೀನಿ. ಇವಳಿಗೂ ಅದರಿಂದ ಒಳ್ಳೇದೇ. ಆದ್ರೆ ಇವಳನ್ನ ಕಂಡಾಗ ಇಲ್ಲಿ ಏನೋ ಒಂದು ಆಗುತ್ತಲ್ಲ...’ ಅಂಗಿಯ ಗುಂಡಿ ಮುಟ್ಟಿಕೊಂಡರು. ‘ಅದನ್ನ ಎಲ್ಲಿ ಎದ್ದು ಹೋಗಿ ನೋಡ್ಲಿ? ಆದ್ರೆ ಆಯ್ತು, ಅಷ್ಟೇ. ತಪ್ಪೋಕೆ ಅದರಲ್ಲಿ ಜಾಗವೇ ಇಲ್ಲ. ನಾನು ಸುಮ್ಸುಮ್ನೆ ಅದಕ್ಕೂ ಬೀಗ ಜಗ್ತಾ ಇದ್ದೆ.’

‘ಇದನ್ನ ಆ ಮೇಷ್ಟ್ರು ಹೇಳಿಕೊಟ್ಟರಾ?’ ಎಂದಳು ಅವಳು.

‘ಅರ್ಧ. ಉಳಿದರ್ಧ ನಾನೇ ಅಂತ...’ ಎಂದವರು ತಟ್ಟನೆ ಬಾಯಿ ಮುಚ್ಚಿಕೊಂಡರು.

ಮಗಳು ಅತ್ತಳು, ನಕ್ಕಳು. ಗ್ಯಾಸ್ ಒಲೆ ತೆಗೆಸಿ ಕರೆಂಟಿನ ಒಲೆ ಇರಿಸಿ, ಒಬ್ಬಳೇ ಊರಿಗೆ ಹೋದಳು.

ಅಂದಿನಿಂದ ಅಕ್ಕ ಭಾವನ ಜೊತೆ ಅಂಗಡಿಗೆ ಬರುತ್ತಾಳೆ. ಕನ್ನಡಿಯ ಪಕ್ಕದ ಕುರ್ಚಿ ಅವಳದು. ಫ್ರೇಮುಗಳನ್ನು ಒಂದೊಂದಾಗಿ ಒರೆಸಿ ತಟ್ಟೆಯಲ್ಲಿ ಜೋಡಿಸುತ್ತಾಳೆ, ಜೋಡಿಸಿದ್ದನ್ನು ತೆಗೆದು ಮತ್ತೆ ಒರೆಸುತ್ತಾಳೆ. ಮೊನ್ನೆ ಮಧ್ಯಾಹ್ನ ನಾನೂ ಹೋಗಿದ್ದೆ. ಕನ್ನಡಕ ಜೇಬಿನಲ್ಲೇ ಇದೆ ಖಂಡಿತ ಎಂದುಕೊಂಡು ಸೋಫಾದ ಮೇಲೆ ಕೂತು, ಅದನ್ನು ಅಪ್ಪಚ್ಚಿ ಮಾಡಿದ್ದೆ. ಭಾವ ನನ್ನ ಮೂಗಿಗೆ ಚೌಕಟ್ಟು ಏರಿಸಿ, ಒಂದು ಗಾಜು ಹಾಕಿದರು. ಅಷ್ಟರಲ್ಲಿ ಅಕ್ಕನ ಕನ್ನಡಕ ಜಾರಿದ್ದು ಕಂಡು ನನ್ನನ್ನು ಹಾಗೇ ಬಿಟ್ಟು ಹೋದರು.

ಅವಳ ಮುಂದೆ ಮಂಡಿಯೂರಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ತೊಡಿಸಿದರು. ಆಮೇಲೆ ಮೆಲ್ಲಗೆ, ನಾನೊಬ್ಬ ಅಲ್ಲಿದ್ದೇನೆಂಬುದನ್ನೇ ಮರೆತು, ಹೇಳಿದರು:

‘ಇವಳೇ, ಅವತ್ತು ಕೇಳಿದ್ದೆಯಲ್ಲ. ನಿನ್ನ ಕಂಡ್ರೆ ನಂಗೆ ಇಷ್ಟ.’

ಅಕ್ಕ ಕುರ್ಚಿಯಲ್ಲೇ ಹಿಂದಕ್ಕೆ ಸರಿದಳು. ‘ಛೆ, ಏನ್ರೀ ಇದು? ವಯಸ್ಸಾದವರು ನೀವು, ಹೀಗೆಲ್ಲ ಮಾತಾಡ್ತಾರಾ? ನಂಗೆ ಮದುವೆ ಆಗಿದೆ.’

ನನಗೆ ನಗು ಬಂತು. ಅರ್ಧ ಬಂದು ಅಲ್ಲೇ ಸಿಕ್ಕಿಕೊಂಡಿತು.

‘ತಪ್ಪಾಯ್ತಮ್ಮ’ ಎಂದರು ಭಾವ. ಎದ್ದು, ಇನ್ನೊಂದು ಕುರ್ಚಿಯನ್ನು ಪರಪುರುಷರು ಕೂರಬೇಕಾದಷ್ಟು ದೂರಕ್ಕೆ ಎಳೆದುಕೊಂಡು ಕೂತರು. ‘ಯಜಮಾನ್ರು ಏನು ಮಾಡ್ತಾರೆ?’

‘ಕನ್ನಡಕದ ಅಂಗಡಿ. ಪಾಪದವರು. ಎಲ್ಲಾದಕ್ಕೂ ಅನುಮಾನ. ಇನ್ನೇನು ಬರ್ತಾರೆ, ಬೀಗ ಜಗ್ತಾ ನಿಂತಿರ್ತಾರೆ.’

‘ಅವರಿಗೆ ನಿಮ್ಮ ಕಂಡ್ರೆ ಇಷ್ಟಾನಾ?’

ಅಕ್ಕ ಬೀದಿಯ ಕಡೆ ನೋಡಿದಳು. ಕೈಯಲ್ಲಿದ್ದ ಫ್ರೇಮಿನ ಅಂಚನ್ನು ಬೆರಳಿನಿಂದ ಸವರಿದಳು.

‘ಇಷ್ಟ ಅಂತ ಕಾಣುತ್ತೆ.’

‘ಹಾಗೆ ಕಾಣುತ್ತಾ ನಿಮಗೆ?’

‘ಹೂಂ. ಹಾಗೇ ಕಾಣುತ್ತೆ.’

ಅಂಗಡಿಗೆ ಬಂದ ಪ್ರತಿಯೊಬ್ಬರನ್ನೂ ಕೇಳುತ್ತಿದ್ದ ‘ಖಂಡಿತಾನಾ?’ ಎಂಬುದನ್ನು ಭಾವ ಅವಳನ್ನು ಕೇಳಲಿಲ್ಲ. ‘ಹಾಗಾದ್ರೆ ಸರಿ’ ಎಂದು ಎದ್ದು ನನ್ನ ಬಳಿ ಬಂದರು.

‘ಹೇಳಯ್ಯಾ, ಕೆಳಗಿನ ಸಾಲು ಕಾಣುತ್ತಾ?’

ಕೆಳಗಿನ ಸಾಲು ಹಾಗಿರಲಿ, ಮೇಲಿನ ಒಂಟಿ ದೊಡ್ಡ ಅಕ್ಷರವೂ ಇರಲಿಲ್ಲ, ಬರೀ ಬೆಳಕು ಅಲ್ಲಾಡುತ್ತಿತ್ತು.

‘ಏನೂ ಕಾಣ್ತಿಲ್ಲ ಭಾವ.’

ಅವರು ಗಾಜು ಬದಲಿಸಲು ಹೋಗಲಿಲ್ಲ. ಚೌಕಟ್ಟು ತೆಗೆದು, ಒರೆಸುವ ಬಟ್ಟೆಯನ್ನು ನನ್ನ ಕೈಗಿಟ್ಟರು.

‘ಅವರನ್ನ ಸ್ವಲ್ಪ ನೋಡಿ’ ಎಂದಳು ನನ್ನಕ್ಕ, ನನ್ನ ಕಡೆ ಕೈ ತೋರಿಸಿ. ‘ಯಾರೋ ಪಾಪ, ಕಣ್ಣಿಗೆ ಏನೋ ಬಿದ್ದಿದೆ.’