ಗಾದಿ ಅಂಗಡಿಗೆ ಬಂದ ಟೆನಿಸ್ ಆಟಗಾರ

“ಈ ಕರುಳಿನ ಹುರಿ ಒಂದು ಕೊಡ್ರಿ” ಎಂದು, ಹತ್ತಿ ಹಿಂಜುವ ನಮ್ಮ ಬಿಲ್ಲನ್ನು ಮೀಟುತ್ತ ಕೇಳಿದ ಆ ಅಪರಿಚಿತ. ಎಪ್ಪತ್ತರ ದಶಕದಲ್ಲಿ ಹುನಗುಂದದಲ್ಲಿ ನಮ್ಮದು ಗಾದಿ ಅಂಗಡಿ. ಮೊಲಕ್ಕೆ ಉರುಲು ಹಾಕುವವನೇ ಇರಬೇಕೆಂದು ಅಪ್ಪನಿಗೆ ಸಂಶಯ.

ಅವನು ಚೀಲದಿಂದ ತಂತಿ ಹರಿದ ರಾಕೆಟ್ ತೆಗೆದ. “ಟೆನಿಸ್ ಆಡಾಂವ್ರಿ. ಸಣ್ಣ ಟೂರ್ನಮೆಂಟ್ ಗೆದ್ರೂ ರೈಲಿನ ಖರ್ಚ ಹುಟ್ಟಂಗಿಲ್ಲ. ಹೊಸಾ ತಂತಿ ಎಲ್ಲಿಂದ ತರ್ಲಿ? ಇದಕ್ಕೂ ಕರುಳಿನ ಹುರೀನ ಹಾಕ್ತಾರ್ರಿ.” ಬಾಗಲಕೋಟೆಗೆ ಹೋಗಿ ಸೊಲ್ಲಾಪುರದ ರೈಲು ಹಿಡಿಯಬೇಕಂತೆ.

ಅಪ್ಪ ರೊಕ್ಕ ತೆಗೆದುಕೊಂಡು ಹುರಿ ಕೊಟ್ಟ. ಆದರೆ ನಂಬಲಿಲ್ಲ, “ಹಿಂದ ಹೋಗಿ ನೋಡಲೇ” ಎಂದು ನನ್ನನ್ನು ಅಟ್ಟಿದ. ಸೈಕಲ್ ಮೇಲೆ ಹಿಂಬಾಲಿಸಿದೆ. ಬಾಗಲಕೋಟೆ ಬಸ್ ನಿಂತಿದ್ದರೂ ಅವನು ಹತ್ತದೆ ರಸ್ತೆ ಹಿಡಿದು ನಡೆದ. ಸಿಕ್ಕಿಬಿದ್ದ ಎಂದುಕೊಂಡು ಅಡ್ಡಗಟ್ಟಿ, ಬಸ್ ಯಾಕೆ ಹತ್ತಲಿಲ್ಲವೆಂದು ಕೇಳಿದೆ.

“ಬಸ್ ಚಾರ್ಜು ನಿಮ್ಮಪ್ಪಗ ಕೊಟ್ಟೆನಲ್ಲಪಾ” ಎಂದ.

ತಿರುಗಿ ಬಂದು ಹೇಳಿದರೆ ಅಪ್ಪ ಅದನ್ನೂ ನಂಬಲಿಲ್ಲ. ದಾರಿಯಲ್ಲಿನ ಅಮೀನಗಡದವರೆಗಾದರೂ ಅವನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೋಗಬಹುದಿತ್ತೆಂದು ನನಗೆ ಹೊಳೆದದ್ದು, ಮನೆ ಮುಟ್ಟಿದ ಮೇಲೆ.