ಜಟ್ಟೆಪ್ಪ ಹಗ್ಗ ಬಿಟ್ಟದ್ದು

ಕಾಗಿಣಾ ಹೊಳೆಗೆ ಸೇತುವೆ ಆಗುವ ಮೊದಲು ಆ ದಂಡೆಯ ಊರಿನವರು ಶಹಾಬಾದಿಗೆ ಹೋಗಬೇಕೆಂದರೆ ಜಟ್ಟೆಪ್ಪನ ಹರಗೋಲೇ ಗತಿ. ಸೆಳವಿದ್ದಾಗ ದಂಡೆಗೋ ಬಂಡೆಗೋ ಎಸೆದು ಹರಗೋಲನ್ನು ಹಿಡಿದು ನಿಲ್ಲಿಸಲು ಅದರಲ್ಲಿ ಒಂದು ಉದ್ದ ಹಗ್ಗ ಇರುತ್ತಿತ್ತು. ಈಗ ಸೇತುವೆ ಮೇಲೆ ಟಂಟಂ ಆಟೋಗಳು ಓಡಾಡುತ್ತವೆ. ಜಟ್ಟೆಪ್ಪನ ಹೆಸರೆತ್ತಿದರೆ ಮಾತ್ರ ಊರಿನ ಹಳಬರು ಇವತ್ತಿಗೂ ಒಂದೇ ಮಾತಾಡುತ್ತಾರೆ: "ಹಗ್ಗ ಕೈಬಿಟ್ಟು ಮಂದೀನ್ನ ಮುಳುಗಿಸಿದಂವ."

ಯಂಕಮ್ಮ ಆ ಜಟ್ಟೆಪ್ಪನ ಹೆಂಡತಿ. ಗಂಡ ಹೋದ ಮೇಲೆ ಚಿತ್ತಾಪುರದ ದಾಲ್ ಮಿಲ್ಲಿನಲ್ಲಿ ಕಲ್ಲು ಆರಿಸುವ ಕೆಲಸಕ್ಕೆ ಸೇರಿ, ಕಣ್ಣು ಮಂಜಾಗುವವರೆಗೂ ಅದನ್ನೇ ಮಾಡಿದಳು. ಬೇಳೆಯಲ್ಲಿ ಕಲ್ಲು ಹುಡುಕಿ ಹುಡುಕಿ ಅವಳ ಮಾತಿಗೂ ಅದೇ ಚಾಳಿ ಬಂದಿತ್ತು. ಕಂಡದ್ದು ಬೇರೆ, ಕೇಳಿದ್ದು ಬೇರೆ. "ಯಂಕಮ್ಮಾ, ಸೇಡಂ ಬಸ್ಸು ಹೋಯ್ತೇನು?" ಅಂತ ಯಾರಾದರೂ ಕೇಳಿದರೆ, "ಸಪ್ಪಳ ಕೇಳೀನಿ, ಬಸ್ಸ ನೋಡಿಲ್ಲ" ಅನ್ನುವಳು. ಓಣಿಯ ಹುಡುಗಿಯರು ಅದನ್ನೇ ಆಡಿಕೊಂಡು ನಗುತ್ತಿದ್ದರು.

ಒಂದೇ ಒಂದು ಸಂಗತಿಯಲ್ಲಿ ಅವಳು ಹಾಗಿರಲಿಲ್ಲ.

ಆ ವರ್ಷ ಹೊಳೆಗೆ ನೆರೆ ಬಂದಿತ್ತು. ನಡುಹೊಳೆಯಲ್ಲಿ ಹರಗೋಲು ಬಂಡೆಗೆ ಬಡಿದು ಮಗುಚಿತು. ಮಳೆಯ ಹೊಡೆತಕ್ಕೆ ದಂಡೆಯಲ್ಲಿದ್ದವರಿಗೆ ಏನೂ ಕಾಣಲಿಲ್ಲ. ಆಡಕಿ ಊರಿನ ಕಡೆಯ ಅಕ್ಕತಂಗಿಯರಿಬ್ಬರು ನೀರುಪಾಲಾದರು, ಜಟ್ಟೆಪ್ಪನೂ ಹೋದ. ಉಳಿದವನು ಮಜೀದಸಾಬ ಒಬ್ಬನೇ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದವನು, ಬಂಡೆಯ ಮೇಲೆ ಮುದುಡಿ ಕೂತಿದ್ದ. ನೀರು ಇಳಿದ ಮೇಲೆ ಅವನನ್ನು ಕರೆತಂದರು. ಆಮೇಲೆ ಪೇಪರಿನವನೊಬ್ಬ ಬಂದು ಅವನನ್ನು ಮಾತಾಡಿಸಿ ಹೋದ. "ಅಂಬಿಗ ಹಗ್ಗ ಕೈಬಿಟ್ಟಿದ್ದೇ ದುರಂತಕ್ಕೆ ಕಾರಣ" ಅಂತ ಅಚ್ಚಾಯಿತು.

ಆಗ ಯಂಕಮ್ಮ ಎಳೆಗೂಸನ್ನು ಕಟ್ಟಿಕೊಂಡು ತಂಗಿಯ ಬಾಣಂತನಕ್ಕೆ ವಾಡಿ ಊರಿಗೆ ಹೋಗಿದ್ದಳು. ತಿರುಗಿ ಬಂದಾಗ ನಳದ ಹತ್ತಿರ ನೀರಿಗೆ ನಿಂತ ಹೆಂಗಸರು ಅವಳಿಗೆ ಕೇಳುವ ಹಾಗೆಯೇ ಆಡಿಕೊಂಡರು: "ಹಗ್ಗ ಹಿಡಿಲಾಕ ಬರಲಾರದಂವ ಹರಗೋಲ ಯಾಕ ಹಾಕಬೇಕಿತ್ತವ್ವಾ?" ಯಂಕಮ್ಮ ತುಂಬದ ಕೊಡವನ್ನೇ ಎತ್ತಿಕೊಂಡು ಮನೆಗೆ ಬಂದಳು. ಪೇಪರಿನಲ್ಲಿ ಬಂದದ್ದು ಸುಳ್ಳಿರಲಿಕ್ಕಿಲ್ಲ ಅಂತ ಅವಳಿಗೂ ಅನ್ನಿಸಿತು. ಆ ದಿನದಿಂದ ಗಂಡನ ನೆನಪಾದಾಗಲೆಲ್ಲ ಅಳುವಿಗಿಂತ ಮೊದಲು ಸಿಟ್ಟು ಬರುತ್ತಿತ್ತು. ಅಷ್ಟು ವರ್ಷ ಅವನಿಗಾಗಿ ಪೂರಾ ಅಳಲಿಕ್ಕೂ ಆಗಲಿಲ್ಲ ಅವಳಿಗೆ.

ಮಜೀದಸಾಬನ ಮುಖ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ಪ್ರತಿ ರಮಜಾನಿಗೆ ಅವನ ಮನೆಯಿಂದ ಒಂದು ಡಬ್ಬಿ ಸುರಕುಂಬಾ ಬರುತ್ತಿತ್ತು, ಹಾಲು, ಶಾವಿಗೆ, ಖರ್ಜೂರ ಹಾಕಿದ್ದು. ಗಂಡನ ತಪ್ಪನ್ನು ಮನ್ನಿಸಿ ಕಳಿಸುತ್ತಾನೆ ಅಂದುಕೊಂಡು ಯಂಕಮ್ಮ ಮುಚ್ಚಳ ತೆಗೆಯದೆ ಮಗ್ಗುಲ ಮನೆಯ ದ್ಯಾವಮ್ಮನಿಗೆ ಕೊಟ್ಟುಬಿಡುವಳು. ಡಬ್ಬಿ ತೊಳೆದು ವಾಪಸು ಕಳಿಸುವಳು. ಕೆಲವು ವರ್ಷಗಳಿಂದ ಅದೂ ನಿಂತಿತ್ತು. ಮಜೀದಸಾಬನಿಗೆ ಲಕ್ವಾ ಹೊಡೆದಿದೆ ಅಂತ ಕೇಳಿದ್ದಳು.

ಹೋದ ವರ್ಷ ಒಂದು ಸಂಜೆ ಮೊಮ್ಮಗಳು ಪ್ರೀತಿ ಶಾಲೆಯಿಂದ ಬಂದು ಪಾಟಿಚೀಲ ಒಗೆದು ಕೂತಳು. ಒಂಬತ್ತನೇ ಇಯತ್ತೆ ಹುಡುಗಿ. ಇತಿಹಾಸ ಕಲಿಸುವ ಭುವನೇಶ್ವರಿ ಮೇಡಂ ಮಕ್ಕಳಿಂದಲೇ ಊರಿನ ಚರಿತ್ರೆ ಬರೆಸಿ ಪುಸ್ತಕ ಮಾಡಿಸುತ್ತಿದ್ದರು. ದಿಲೀಪ ಅನ್ನುವ ಹುಡುಗ ಪಂಚಾಯಿತಿಯ ಹಳೇ ಸ್ಮರಣ ಸಂಚಿಕೆ ನೋಡಿ, ಜಟ್ಟೆಪ್ಪ ಹಗ್ಗ ಕೈಬಿಟ್ಟ ಸಾಲನ್ನು ಬರೆದುಕೊಂಡು ಬಂದು ಎಲ್ಲರ ಎದುರಿಗೆ ಓದಿದ್ದ.

"ಎಲ್ಲಾರೂ ನನ್ನ ಕಡೀನ ನೋಡಿದ್ರು, ಅಜ್ಜಿ. ಪುಸ್ತಕದಾಗ ಬಂದ್ರ ಇನ್ನ ಅಳಸಲಿಕ್ಕ ಆಗಲ್ಲ. ನೀ ಬಂದು ಸುಳ್ಳಂತ ಹೇಳು."

ಯಂಕಮ್ಮ ಮರುದಿನ ತಲೆ ಬಾಚಿ, ಒಗೆದ ಸೀರೆ ಉಟ್ಟು ಶಾಲೆಗೆ ಹೋದಳು.

"ಬರ್ರಿ ಅಮ್ಮ, ಕುಂದ್ರಿ," ಅಂದರು ಮೇಡಂ. "ಆ ಸಾಲು ಇನ್ನೂ ಖಾಯಂ ಆಗಿಲ್ಲ. ಸಂಚಿಕೆಯವರು ಪೇಪರ್ ನೋಡಿ ಬರದಾರ. ಪೇಪರಿನಂವ ಕೇಳಿ ಬರದಾನ. ಒಬ್ಬರದ ನೋಡಿ ಒಬ್ಬರು ಬರದಿದ್ದು ನೂರು ಕಡಿ ಇದ್ರೂ ಒಂದೇ ಲೆಕ್ಕ ನಮಗ. ಕಣ್ಣಿಂದ ಕಂಡವರು ಬೇಕು. ನೀವು ಕಂಡೀರೇನು?"

ಪ್ರೀತಿ ಬೆಂಚಿನ ಕೆಳಗೆ ಅಜ್ಜಿಯ ಕಾಲು ತುಳಿದಳು. ಹೂಂ ಅಂದರೆ ಮುಗಿಯುತ್ತಿತ್ತು. ಅಲ್ಲ ಅನ್ನುವವರು ಯಾರೂ ಇರಲಿಲ್ಲ. ಆ ಹೂಂ ಯಂಕಮ್ಮನ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು.

"ಇಲ್ಲರಿ. ನಾ ಅವತ್ತ ವಾಡ್ಯಾಗಿದ್ದೆ."

ಪ್ರೀತಿ ದಾರಿಯುದ್ದಕ್ಕೂ ಅಜ್ಜಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಮನೆ ಮುಟ್ಟಿದ ಮೇಲೆ, "ಒಂದ ಸಲ ಸುಳ್ಳ ಹೇಳಿದ್ರ ನಿನ್ನ ಗಂಟ ಏನ ಹೋಗ್ತಿತ್ತು?" ಅಂದಳು.

"ಅವರೂ ಕಾಣಲಾರದ್ದನ್ನ ಕಂಡಂಗ ಬರದಾರ. ನಾನೂ ಹಂಗೇ ಹೇಳಿದ್ರ ಅವರಿಗೂ ನನಗೂ ಏನ ಫರಕ್ಕ?" ಅಂದಳು ಯಂಕಮ್ಮ. ಅಂದು ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಕಂಡವನು ಮಜೀದಸಾಬ ಒಬ್ಬನೇ ಉಳಿದಿದ್ದ. ಅವನೂ ಅದೇ ಮಾತು ಹೇಳಿದರೆ ಆಮೇಲೆ ಅನುಮಾನದ ಆಸರೆಯೂ ಇರುವುದಿಲ್ಲ ಅನ್ನುವುದೇ ಅವಳ ಹೆದರಿಕೆ.

ಆದರೂ ರವಿವಾರ ಮೇಡಂ ಜೊತೆಗೆ ಟಂಟಂ ಹತ್ತಿ ಶಹಾಬಾದಿಗೆ ಹೋದಳು. ಬಾಗಿಲು ತೆರೆದದ್ದು ಮಜೀದಸಾಬನ ಮಗಳು ಹುಮೇರಾ, ಹೊಲಿಗೆ ಮಷಿನ್ನಿನಿಂದ ಎದ್ದು ಬಂದಿದ್ದಳು, ಸೆರಗಿಗೆ ದಾರದ ತುಂಡುಗಳು ಅಂಟಿದ್ದವು.

"ಈಗ ನೆನಪಾಯ್ತೇನ್ರಿ ಚಾಚಿ ನಮ್ಮ ಮನಿ ದಾರಿ? ಡಬ್ಬಿ ಅಷ್ಟ ತೊಳದ ಕಳಸ್ತಿದ್ರಿ, ಲಕಲಕ ಅಂತಿತ್ತು. ನಮ್ಮ ಅಬ್ಬಾ ಅದನ್ನ ನೋಡಿ, ಯಂಕಮ್ಮ ನೆಕ್ಕಿ ನೆಕ್ಕಿ ತಿಂದಾಳ ಅಂತ ಖುಷಿ ಪಡ್ತಿದ್ರು."

ಯಂಕಮ್ಮ ನೆಲ ನೋಡಿದಳು.

ಮಜೀದಸಾಬ ಗೋಡೆಗೆ ದಿಂಬು ಕೊಟ್ಟು ಕೂತಿದ್ದ. ಬಲಗೈ ಮಡಿಲಲ್ಲಿ ಸತ್ತು ಬಿದ್ದಿತ್ತು. ಮಾತು ಹೋಗಿ, ಒಂದೊಂದೇ ಶಬ್ದ ಉಳಿದಿತ್ತು. ಯಂಕಮ್ಮನನ್ನು ಗುರುತಿಸಿ ಎಡಗೈ ಎತ್ತಿದ.

"ಕಾಕಾ, ಅವತ್ತು ಹೊಳ್ಯಾಗ ಜಟ್ಟೆಪ್ಪ ಏನ ಮಾಡಿದ್ರು?" ಅಂತ ಮೇಡಂ ಕೇಳಿದರು.

ಅವನು ಭಾಳ ಹೊತ್ತು ತುಟಿ ಆಡಿಸಿದ. "ಹಗ್ಗ," ಅಂದ. "ಬಿಟ್ಟ."

ಯಂಕಮ್ಮನಿಗೆ ಅಷ್ಟೇ ಸಾಕಾಯಿತು. ಪೇಪರಿನವನು ಹೊಸದೇನೂ ಕಟ್ಟಿರಲಿಲ್ಲ. ಎದ್ದು ಹೋಗಿಬಿಡೋಣ ಅಂತ ಸೆರಗು ಸರಿಮಾಡಿಕೊಂಡಳು. ಹುಮೇರಾ ಹೆಮ್ಮೆಯಿಂದಲೇ ಹೇಳಿದಳು, "ಯಾವಾಗ ಕೇಳಿದ್ರೂ ಅಬ್ಬಾ ಇದನ್ನ ಹೇಳ್ತಾರ. ಪೇಪರಿನವರಿಗೂ ಇದನ್ನ ಹೇಳ್ಯಾರಂತ. ಪೇಪರ ಅವರಿಗಿ ಓದಲಿಕ್ಕ ಬರಲ್ಲ, ಕಲ್ತಿದ್ದು ಉರ್ದು."

ಆ ಹೆಮ್ಮೆಯ ದನಿ ಕೇಳಿ ಯಂಕಮ್ಮ ಕೂತಲ್ಲೇ ಕೂತಳು. ಗಂಡನ ತಪ್ಪನ್ನು ಯಾರಾದರೂ ಹೀಗೆ ಹೇಳುತ್ತಾರೇನು? ಮೆಲ್ಲಗೆ ಮೇಡಂ ಕಡೆ ತಿರುಗಿದಳು. "ಬಾವಿಗಿ ಹಗ್ಗ ಬಿಡ್ತೀವಲ್ಲರಿ, ಅದೂ ಬಿಡೋದೇ. 'ನಿಮ್ಮ ಕಡಿ ಬಿಟ್ಟನೇನು' ಅಂತ ಕೇಳ್ರಿ ಒಂದ ಸಲ."

ಮೇಡಂ ತಲೆ ಅಲ್ಲಾಡಿಸಿದರು. "ಹಂಗ ಕೇಳಿದ್ರ ನಮ್ಮ ಮಾತು ಅವರ ಬಾಯಾಗ ಹಾಕಿದಂಗ ಆಗ್ತದ ಅಮ್ಮ. ಅವರು ಹೂಂ ಅಂತಾರ. ಆ ಹೂಂ ನಮ್ಮದಾಗ್ತದ, ಅವರದಲ್ಲ." ಹೀಗೆ ಅಂದು ಮುದುಕನ ಹತ್ತಿರ ಸರಿದು ಕೂತರು. "ಕಾಕಾ, ಹಗ್ಗ ಬಿಟ್ಟ ಮ್ಯಾಲ ಏನಾಯ್ತು?"

ಮಜೀದಸಾಬ ಎಡಗೈ ಮುಷ್ಟಿ ಕಟ್ಟಿ ಎದೆಗೆ ಎಳೆದುಕೊಂಡ. ಮತ್ತೆ ಎಳೆದುಕೊಂಡ.

"ನಾ... ಹಿಡದೆ," ಅಂದ.

ಮೇಡಂ ಬರೆಯುವುದನ್ನು ನಿಲ್ಲಿಸಿದರು.

"ಜಟ್ಟೆಪ್ಪ?"

"ಇಳದ." ಅವನ ಬೆರಳು ನೆಲದ ಕಡೆ ಹೋಯಿತು. "ಅವರಿಗಿ... ಇಳದ."

ಹಗ್ಗ ಬಿಟ್ಟದ್ದು ಇವನ ಕಡೆಗೆ, ನೀರಿಗೆ ಇಳಿದದ್ದು ಆ ಅಕ್ಕತಂಗಿಯರಿಗಾಗಿ. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಯಂಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು, ಆದರೂ ದನಿ ಹೊರಗೆ ಬಂತು. ಎಂದೋ ಅಳಬೇಕಾದದ್ದು ಅದು. ಹುಮೇರಾ ಗಾಬರಿಯಾಗಿ ನೀರು ತಂದಳು. "ಯಾಕ್ರಿ ಚಾಚಿ? ನಿಮಗ ಗೊತ್ತಿರಲಿಲ್ಲೇನು?"

"ಕೇಳಿದ್ದೆ," ಅಂದಳು ಯಂಕಮ್ಮ. "ಬ್ಯಾರೇನ ಕೇಳಿದ್ದೆ."

ಹೊರಡುವಾಗ ಮಜೀದಸಾಬ ಅವಳ ಸೆರಗಿನ ಅಂಚು ಹಿಡಿದುಕೊಂಡ. ಅವಳು ಮೆಲ್ಲಗೆ ಎಳೆದುಕೊಂಡರೂ ಬಿಡಲಿಲ್ಲ. ಹುಮೇರಾ ಪಕ್ಕದಲ್ಲಿ ಕೂತು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಬಿಡು ಅಬ್ಬಾ. ಬಿಡು, ಚಾಚಿ ಮತ್ತ ಬರ್ತಾರ."

ಪುಸ್ತಕ ಅಚ್ಚಾಗಿ ಬರುವಷ್ಟರಲ್ಲಿ ಮಜೀದಸಾಬ ಇರಲಿಲ್ಲ. ಪ್ರೀತಿ ಜಗುಲಿಯ ಮೇಲೆ ಕೂತು ಓದಿದಳು. ಪೇಪರಿನ ಸಾಲು ಹಾಗೇ ಇತ್ತು, ಬರೆದವನು ಆಮೇಲೆ ಬಂದವನು, ಕಣ್ಣಿಂದ ಕಂಡವನಲ್ಲ ಅಂತ ಪಕ್ಕದಲ್ಲಿತ್ತು. ಅದರ ಕೆಳಗೆ, ಉಳಿದ ಒಬ್ಬನೇ ಮನುಷ್ಯ ಹೇಳಿದ್ದು: ಹಗ್ಗ ಬಿಟ್ಟ. ನಾ ಹಿಡದೆ. ಅವರಿಗಿ ಇಳದ. ಹೇಳುವಾಗ ಎಡಗೈ ಮುಷ್ಟಿ ಎದೆಗೆ ಎಳೆದುಕೊಂಡರು ಅನ್ನುವುದನ್ನೂ ಮೇಡಂ ಬರೆದಿದ್ದರು.

"ಮೊದಲಿನ ಸಾಲು ತಗೀಬೇಕಿತ್ತು, ಅಜ್ಜಿ," ಅಂದಳು ಪ್ರೀತಿ.

"ಇರ್ಲಿ. ಅದನ್ನ ನಂಬಿದವರೂ ಇದ್ರಲ್ಲ," ಅಂದಳು ಯಂಕಮ್ಮ.

ಆ ರಮಜಾನಿಗೂ ಡಬ್ಬಿ ಬರಲಿಲ್ಲ. ಸಾವಾದ ಮನೆ ಅಂತ ಹುಮೇರಾ ಆ ವರ್ಷ ಸಿಹಿ ಮಾಡಲಿಲ್ಲ. ಯಂಕಮ್ಮ ದ್ಯಾವಮ್ಮನ ಕಟ್ಟೆಗೆ ಹೋಗಿ ಕೂತಳು.

"ದ್ಯಾವಮ್ಮಾ, ಮಜೀದಣ್ಣ ಕಳಸ್ತಿದ್ದ ಸುರಕುಂಬಾ ಹ್ಯಾಂಗಿರ್ತಿತ್ತು?"

"ಈಗ್ಯಾಕ ಕೇಳ್ತೀಯವ್ವಾ?"

"ತಿಂದಾಕಿ ನೀನು. ನನಗ ಹ್ಯಾಂಗ ಗೊತ್ತಾಗಬೇಕು?"

ದ್ಯಾವಮ್ಮ ಮೊರ ಕೆಳಗಿಟ್ಟು ಅವಳ ಮುಖ ನೋಡಿದಳು. ಆಮೇಲೆ ನೆನಪು ಮಾಡಿಕೊಂಡು ಹೇಳತೊಡಗಿದಳು, ಖರ್ಜೂರ ಭಾಳ ಹಾಕುತ್ತಿದ್ದ, ತುಪ್ಪ ಮೇಲೆ ತೇಲುತ್ತಿತ್ತು, ಹುಡುಗರು ಡಬ್ಬಿಗೆ ಜಗಳಾಡುತ್ತಿದ್ದವು. ಯಂಕಮ್ಮ ಪೂರಾ ಕೇಳಿದಳು.